ಕಾರವಾರದಲ್ಲಿ ಮನೆ ತಾರಸಿಯ ಮೇಲೆ ಬಟಾಟೆ ಬೆಳೆಯಬಹುದಾ?

ಬೆಳೆಯಬಹುದು, ಆದರೆ ಚಳಿಗಾಲದಲ್ಲಿ ಮಾತ್ರ. ಬಟಾಟೆ ಗಡ್ಡೆ ಕಟ್ಟುವುದಕ್ಕೆ ರಾತ್ರಿ ತಂಪು ಬೇಕು, 20 ಡಿಗ್ರಿಗಿಂತ ಕೆಳಗಿದ್ದರೆ ಒಳ್ಳೆಯದು. ಸೆಖೆ ಜಾಸ್ತಿ ಆದರೆ ಗಿಡ ಹಸಿರಾಗಿ ಸೊಕ್ಕಿ ಬೆಳೆಯುತ್ತದೆ, ಬುಡ ಅಗೆದರೆ ಗೋಲಿ ಗಾತ್ರದ ಗಡ್ಡೆ ಸಿಕ್ಕರೆ ಪುಣ್ಯ! ಘಟ್ಟದ ಮೇಲೆ ತಂಪಿನಲ್ಲಿರುವ ಶಿರಸಿಯವರಿಗೆ ಈ ವಿಷಯದಲ್ಲಿ ನಮಗಿಂತ ಅನುಕೂಲ. ಮಳೆಗಾಲದಲ್ಲಿ ಮಾತ್ರ ಎರಡೂ ಕಡೆ ಬೇಡ, ಕೊಳೆತು ಹೋಗುತ್ತದೆ.

ನವೆಂಬರ್ ಮಧ್ಯದಲ್ಲಿ ನೆಡಿ. ಮೊಳಕೆ ಬಂದ ಸಣ್ಣ ಗಡ್ಡೆಯನ್ನು ಇಡಿಯಾಗಿಯೇ ಹಾಕಿ. ದೊಡ್ಡದಾದರೆ ಪ್ರತಿ ತುಂಡಿಗೆ ಎರಡು ಕಣ್ಣು (ಮೊಳಕೆ ಬರುವ ಕುಳಿ) ಬರುವಂತೆ ಕತ್ತರಿಸಿ, ಎರಡು ದಿನ ನೆರಳಲ್ಲಿ ಒಣಗಿಸಿ. ಬೀಜದ ಗಡ್ಡೆ ಆರಿಸುವ ಅವಕಾಶ ಇದ್ದರೆ ಕುಫ್ರಿ ಸೂರ್ಯ ನೋಡಿ, ಅದು ಸೆಖೆ ತಡೆಯುವ ತಳಿ.

ಬುಡದಲ್ಲಿ ತೂತಿರುವ ಗೋಣಿಚೀಲ ಸಾಕು. ನಮ್ಮ ಕೆಂಪು ಮಣ್ಣು ಒಂದನ್ನೇ ತುಂಬಿದರೆ ಗಟ್ಟಿಯಾಗುತ್ತದೆ. ಅರ್ಧಕ್ಕರ್ಧ ಹಳೇ ಸಗಣಿ ಗೊಬ್ಬರ, ಸ್ವಲ್ಪ ಮರಳು ಸೇರಿಸಿ. ಸಮುದ್ರದ ಮರಳು ಬೇಡ, ಉಪ್ಪು. ಮೊದಲು ಚೀಲದ ಮೂರನೇ ಒಂದು ಭಾಗ ಮಾತ್ರ ತುಂಬಿ. ಗಿಡ ಗೇಣುದ್ದ ಆದಾಗಲೆಲ್ಲ ತುದಿಯ ಎಲೆ ಬಿಟ್ಟು ಬುಡಕ್ಕೆ ಮಣ್ಣು ಏರಿಸುತ್ತಾ ಬನ್ನಿ. ಬಿಸಿಲು ತಾಗಿ ಹಸಿರಾದ ಗಡ್ಡೆ ಕಹಿ, ವಿಷವೂ ಹೌದು, ಅದನ್ನು ತಿನ್ನಬಾರದು. ಮೇಲೆ ದರಕು (ಒಣಗಿದ ಎಲೆ) ಹೊದಿಸಿದರೆ ಮಣ್ಣು ತಂಪಾಗಿರುತ್ತದೆ. ತಾರಸಿಯ ಕಾಂಕ್ರೀಟ್ ಕಾಯುತ್ತದಲ್ವಾ, ಚೀಲದ ಕೆಳಗೆ ಎರಡು ಇಟ್ಟಿಗೆ ಇಡಿ.

ಸುಮಾರು ಮೂರು ತಿಂಗಳಿಗೆ ಎಲೆ ಹಳದಿಯಾಗುತ್ತದೆ. ಆಗ ನೀರು ನಿಲ್ಲಿಸಿ, ಹತ್ತು ದಿನ ಬಿಟ್ಟು ಚೀಲ ಬೋರಲು ಹಾಕಿ.