ಕೇರ್ ಉಪ್ಪಿಟ್ಟು ತಿಂದವರು

ಓದುಗರ ಪತ್ರ: ಅಕ್ಕಿ ಬಿಟ್ಟಿ, ಕರೆಂಟು ಬಿಟ್ಟಿ, ಹೆಂಗಸರಿಗೆ ಬಸ್ಸೂ ಬಿಟ್ಟಿ. ಅಡಿಕೆ ಕೊಯ್ಲಿಗೆ ಆಳೇ ಸಿಗುತ್ತಿಲ್ಲ. ಹೀಗೆ ಕೂರಿಸಿ ಉಣಿಸಿದರೆ ಬಡವರ ಮುಂದಿನ ತಲೆಮಾರು ದುಡಿಯುವುದನ್ನೇ ಮರೆಯುವುದಿಲ್ಲವೇ?
— ತೋಟದ ಯಜಮಾನರೊಬ್ಬರು, ತೀರ್ಥಹಳ್ಳಿ

ಸಂಪಾದಕರ ಉತ್ತರ: ನಿಮ್ಮ ಕಷ್ಟ ಸುಳ್ಳಲ್ಲ. ಹೊತ್ತಿಗೆ ಸರಿಯಾಗಿ ಜನ ಸಿಗದಿದ್ದರೆ ಅಡಿಕೆ ಮರದಲ್ಲೇ ಹಣ್ಣಾಗಿ ಉದುರುತ್ತದೆ. ರೇಷನ್ ಅಕ್ಕಿ ಮಾರಿಕೊಳ್ಳುವವರು ಇದ್ದಾರೆ ಅನ್ನುವುದೂ ನಿಜ. ಆದರೆ ನೀವು ಕೇಳಿದ್ದು ಮುಂದಿನ ತಲೆಮಾರಿನ ಬಗ್ಗೆ. ಅಲ್ಲಿ ನಾನು ಸುಮ್ನೆ ಇರಲಾರೆ.

ನಾನು ಓದಿದ್ದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ. ಆಗ ಕೇರ್ ಎಂಬ ಅಮೆರಿಕದ ನೆರವು ಸಂಸ್ಥೆ ಕಳಿಸುತ್ತಿದ್ದ ಗೋಧಿಯಲ್ಲಿ ಉಪ್ಪಿಟ್ಟು ಮಾಡುತ್ತಿದ್ದರು. ಹನ್ನೊಂದು ಗಂಟೆಗೆಲ್ಲ ಸೌದೆ ಹೊಗೆಯ ಜೊತೆ ಒಗ್ಗರಣೆ ವಾಸನೆ ಬರುತ್ತಿತ್ತು. ನನ್ನ ಕ್ಲಾಸಿನ ಒಬ್ಬ ಹುಡುಗಿ ಮುತ್ತುಗದ ಎಲೆಯಲ್ಲಿ ಹಾಕಿಸಿಕೊಂಡು ಅರ್ಧ ಮಾತ್ರ ತಿನ್ನುತ್ತಿದ್ದಳು. ಉಳಿದದ್ದನ್ನು ಎಲೆಯಲ್ಲೇ ಮಡಚಿ ತಮ್ಮನಿಗೆ ಒಯ್ಯುತ್ತಿದ್ದಳು. ಗೋಧಿ ಮೂಟೆ ಬರದ ವಾರ ಅವಳು ದನ ಮೇಯಿಸಲು ಹೋಗುತ್ತಿದ್ದಳು. ಅವರ ಕೇರಿಯಲ್ಲಿ ಏಳನೇ ಕ್ಲಾಸು ಮುಗಿಸಿದ ಮೊದಲ ಹೆಣ್ಣು ಅವಳೇ. ಅವಳು ಸೋಮಾರಿಯಾದಳು ಅನ್ನುತ್ತೀರಾ?

2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಿ ಎಂದು ಆದೇಶಿಸಿತು. 2002ರಲ್ಲಿ ಕರ್ನಾಟಕದ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಶುರುವಾಯಿತು. ಅಂದು ಒಂದನೇ ಕ್ಲಾಸಿನಲ್ಲಿ ತಟ್ಟೆ ಹಿಡಿದು ಕೂತಿದ್ದ ಎಷ್ಟೋ ಹುಡುಗಿಯರು ಇಂದು ತಾಯಂದಿರು. ನೀವು ಕೇಳುವ ಮುಂದಿನ ತಲೆಮಾರು ಅವರ ಮಕ್ಕಳೇ ಅಲ್ವಾ? 2021ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ದೇಶದ ಬಿಸಿಯೂಟದ ಬಗ್ಗೆ ಒಂದು ಅಧ್ಯಯನ ಬಂತು. ಶಾಲೆಯಲ್ಲಿ ಊಟ ಸಿಕ್ಕಿದ್ದ ಹುಡುಗಿಯರು ಮುಂದೆ ತಾಯಂದಿರಾದಾಗ, ಅವರ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದಿರುವುದು ಕಡಿಮೆ ಎಂದು ಅದು ಹೇಳುತ್ತದೆ. ತಾಯಿ ಉಂಡ ಊಟದ ಲಾಭ ಮಗುವಿನ ಮೂಳೆಯಲ್ಲಿ ಕಾಣುತ್ತದೆ. ಇದನ್ನು ಓದಿದ ದಿನ ನನಗೆ ಆ ಮುತ್ತುಗದ ಎಲೆ ನೆನಪಾಯಿತು.

ಇನ್ನು ಆಳಿನ ವಿಷಯ. ಹಿಂದೆ ಮಳೆಗಾಲದಲ್ಲಿ ಕೂಲಿಯವರ ಮನೆಯಲ್ಲಿ ಕಾಳು ಮುಗಿಯುತ್ತಿತ್ತು. ಒಡೆಯರ ಮನೆಯಿಂದ ಪಲ್ಲ ಭತ್ತ ತಂದು, ಸುಗ್ಗಿಯಲ್ಲಿ ಅವರು ಹೇಳಿದ ಕೂಲಿಗೆ ದುಡಿದು ತೀರಿಸಬೇಕಿತ್ತು. ತೀರದಿದ್ದರೆ ಮಗನನ್ನು ಜೀತಕ್ಕೆ ಬಿಡಬೇಕಿತ್ತು. 1976ರಲ್ಲಿ ಜೀತ ರದ್ದಿನ ಕಾಯ್ದೆ ಬಂತು, ಹಸಿವು ಮಾತ್ರ ಹಾಗೇ ಉಳಿಯಿತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಡಬ್ಬಿಯಲ್ಲಿ ಅಕ್ಕಿ ಇರುವ ಮನುಷ್ಯ "ಆ ಕೂಲಿಗೆ ಬರಲ್ಲ" ಅನ್ನುತ್ತಿದ್ದಾನೆ. ನಿಮಗೆ ಅದು ಸೋಮಾರಿತನವಾಗಿ ಕಾಣುತ್ತಿದೆ. ನನಗೆ ಅದು ಬೆನ್ನು ನೆಟ್ಟಗಾದದ್ದು.

ಬಿಟ್ಟಿ ಅನ್ನುವ ಮಾತು ನನಗೆ ಚುಚ್ಚುತ್ತದೆ. ನಮ್ಮ ಹಳೆಯ ಶಾಸನಗಳಲ್ಲಿ ಬಿಟ್ಟಿ ಅಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುತ್ತಿದ್ದ ದುಡಿಮೆ. ಬಿಟ್ಟಿ ದುಡಿದವರ ಮಕ್ಕಳಿಗೇ ಇಂದು ಬಿಟ್ಟಿ ತಿನ್ನುವವರು ಅನ್ನುತ್ತೇವೆ. ಬೇಸರ ಮಾಡ್ಕೋಬೇಡಿ, ನಿಮ್ಮ ತೋಟದ ಪಂಪ್‌ಸೆಟ್ಟು 10 ಎಚ್‌ಪಿ ಒಳಗಿದ್ದರೆ ಅದರ ಕರೆಂಟಿಗೂ ಬಿಲ್ಲಿಲ್ಲ. ಅದು ಬೇಕು, ಇರಲಿ. 2019ರಲ್ಲಿ ಕಂಪನಿಗಳ ತೆರಿಗೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಕೇಂದ್ರ ಸರ್ಕಾರವೇ ಹೇಳಿತ್ತು. ಇದರಿಂದ ಉದ್ಯಮಿಗಳು ದುಡಿಯುವುದನ್ನು ಮರೆಯುತ್ತಾರೆ ಎಂದು ನನಗೆ ಒಂದು ಪತ್ರವೂ ಬರಲಿಲ್ಲ.

ನನ್ನ ಸಿಟ್ಟು ಬೇರೆಯೇ ಇದೆ. ನೂರಾರು ಮಕ್ಕಳಿಗೆ ಅನ್ನ ಬೇಯಿಸುವ ಬಿಸಿಯೂಟದ ಅಕ್ಕಂದಿರಿಗೆ ಇನ್ನೂ ಸಂಬಳವಿಲ್ಲ. ಕೊಡುವ ಪುಡಿಗಾಸಿಗೆ ಗೌರವಧನ ಎಂದು ಹೆಸರು. ಅದಕ್ಕೂ ಅವರು ಮತ್ತೆ ಮತ್ತೆ ಬೀದಿಯಲ್ಲಿ ಧರಣಿ ಕೂರಬೇಕು. ಒಂದು ದಿನ ಊಟದ ಹೊತ್ತಿಗೆ ನಿಮ್ಮೂರ ಶಾಲೆಗೆ ಹೋಗಿ ಬನ್ನಿ. ಸಾರು ಬಡಿಸುವ ಅಕ್ಕನನ್ನು ಮಾತಾಡಿಸಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ. ಖಂಡಿತ ಹಾಕುತ್ತೇನೆ.