ಚೆಕ್‌ಪಾಯಿಂಟ್‌ನಲ್ಲಿ ಸುಮ್ನೆ ನಿಂತು ನೋಡುವವರಿಂದ ಏನು ಉಪಯೋಗ?

ನಿಮ್ಮ ಪ್ರಶ್ನೆ ಇಷ್ಟು: ಪ್ಯಾಲೆಸ್ಟೀನಿನ ಜನ ದಿನಾ ಬೆಳಿಗ್ಗೆ ಇಸ್ರೇಲಿ ಸೇನೆಯ ಚೆಕ್‌ಪಾಯಿಂಟ್ ದಾಟುವಾಗ ಹೊರಗಿನ ಕೆಲವು ಸ್ವಯಂಸೇವಕರು ಅಲ್ಲಿ ನಿಂತು ನೋಡುತ್ತಾರಂತೆ, ಅವರಿಗೆ ಅಧಿಕಾರ ಏನೂ ಇಲ್ಲ, ಯಾರನ್ನೂ ದಾಟಿಸಲು ಆಗುವುದಿಲ್ಲ, ಹಾಗಿದ್ದರೆ ಅವರು ಅಲ್ಲಿ ಮಾಡುವುದಾದರೂ ಏನು, ಯಾರಿಗೆ ಉಪಯೋಗ?

ನಾನು ಆ ಕೆಲಸ ಮಾಡಿದ್ದೇನೆ. ಊರು ಉಡುಪಿ ಕಡೆ, ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದೆ. ನಿವೃತ್ತಿಯಾದ ಮೇಲೆ, 2017ರಲ್ಲಿ, ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನ ಕಾರ್ಯಕ್ರಮದಲ್ಲಿ ಹೋದೆ. ಜೆರುಸಲೆಮ್‌ನ ಚರ್ಚುಗಳ ಮುಖ್ಯಸ್ಥರು ಕೇಳಿಕೊಂಡ ಮೇಲೆ 2002ರಲ್ಲಿ ಶುರುವಾದ ಕಾರ್ಯಕ್ರಮ ಅದು. ಬ್ರಿಟನ್ನಿನಲ್ಲಿ ಅದನ್ನು ನೋಡಿಕೊಳ್ಳುವವರು ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು. ಕ್ರೈಸ್ತರೇ ಆಗಬೇಕು ಅಂತೇನಿಲ್ಲ. ಮೂರು ತಿಂಗಳು ಅಲ್ಲೇ ಇರಬೇಕು, ಯಾರ ಪರವಾಗಿಯೂ ಜಗಳಕ್ಕೆ ಇಳಿಯಬಾರದು, ಕಂಡದ್ದನ್ನು ಬರೆಯಬೇಕು, ವಾಪಸ್ ಬಂದ ಮೇಲೆ ಅದರ ಬಗ್ಗೆ ಜನರ ಮುಂದೆ ಮಾತಾಡಬೇಕು. ನಾನು ಇದ್ದದ್ದು ಬೆಥ್ಲೆಹೆಮ್‌ನಲ್ಲಿ.

ಮೊದಲು ಜಾಗ ಹೇಗಿದೆ ಹೇಳುತ್ತೇನೆ. ಬೆಥ್ಲೆಹೆಮ್‌ನ ಉತ್ತರ ತುದಿಯಲ್ಲಿ ಚೆಕ್‌ಪಾಯಿಂಟ್ 300 ಅಂತ ಇದೆ. ಅಲ್ಲಿಂದ ಜೆರುಸಲೆಮ್ ಹತ್ತು ಕಿಲೋಮೀಟರ್ ಕೂಡ ಇಲ್ಲ. ಮಧ್ಯೆ ಎಂಟು ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ. ಎರಡನೇ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯರ ದಂಗೆಯ ಸಮಯದಲ್ಲಿ, ಆತ್ಮಾಹುತಿ ದಾಳಿಗಳಲ್ಲಿ ಬಸ್ಸು, ಹೋಟೆಲ್‌ಗಳಲ್ಲಿದ್ದ ಜನ ಸಾಯುತ್ತಿದ್ದಾಗ, 2002ರಲ್ಲಿ ಇಸ್ರೇಲ್ ಈ ತಡೆ ಕಟ್ಟಲು ಶುರು ಮಾಡಿತು. ಆ ಭಯ ಸುಳ್ಳು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಗಡಿಯ ಮೇಲೆಯೇ ಕಟ್ಟಿದ್ದರೆ ಒಂದು ಮಾತು. ಅದರ ಹಾದಿಯ ಸುಮಾರು ಶೇಕಡಾ 85 ಭಾಗ ಗಡಿಯ ಆಚೆ, ಪ್ಯಾಲೆಸ್ಟೀನಿಯರ ನೆಲವಾದ ವೆಸ್ಟ್ ಬ್ಯಾಂಕ್ ಒಳಗೇ ಹೋಗುತ್ತದೆ. ಹಾಗೆ ಕಟ್ಟಿದ್ದು ಕಾನೂನಿಗೆ ವಿರುದ್ಧ ಅಂತ ಅಂತರರಾಷ್ಟ್ರೀಯ ನ್ಯಾಯಾಲಯ 2004ರ ಜುಲೈನಲ್ಲಿ ಅಭಿಪ್ರಾಯ ಕೊಟ್ಟಿತು. ಗೋಡೆ ಮಾತ್ರ ಅಲ್ಲೇ ಇದೆ.

ಆ ಗೋಡೆಗೆ ಅಂಟಿಕೊಂಡ ಹಾಗೆ ಕಬ್ಬಿಣದ ಸರಳುಗಳ ಒಂದು ಉದ್ದನೆಯ ಓಣಿ. ಅದರ ಕೊನೆಗೆ ಒಬ್ಬೊಬ್ಬರೇ ತಳ್ಳಿಕೊಂಡು ಹೋಗುವ ತಿರುಗು ಗೇಟು, ಆಮೇಲೆ ಬಯಲು, ಆಮೇಲೆ ಬ್ಯಾಗು ಸ್ಕ್ಯಾನ್ ಮಾಡುವ ಯಂತ್ರ, ಮೆಟಲ್ ಡಿಟೆಕ್ಟರ್, ಬೆಲ್ಟು ಬಿಚ್ಚು, ಬೂಟು ಬಿಚ್ಚು, ಕೊನೆಗೆ ಗಾಜಿನ ಹಿಂದೆ ಕೂತ ಸೈನಿಕನಿಗೆ ಕಾರ್ಡು, ಪರ್ಮಿಟ್ ತೋರಿಸಿ ಕೈ ಬೆರಳಿನ ಗುರುತು ಕೊಡು. ಇಷ್ಟೂ ದಾಟಿದವರು ಯಾರು ಅಂದುಕೊಂಡಿರಿ? ಗಾರೆಯವರು, ಟೈಲ್ಸ್ ಹಾಕುವವರು, ಸೆಂಟ್ರಿಂಗ್ ಕಟ್ಟುವವರು, ಕೈಯಲ್ಲಿ ಬುತ್ತಿ ಚೀಲ. ವೆಸ್ಟ್ ಬ್ಯಾಂಕ್‌ನಲ್ಲಿ ಸಿಗುವ ಕೂಲಿಯ ಎರಡರಷ್ಟಾದರೂ ಆ ಕಡೆ ಸಿಗುತ್ತಿತ್ತು, ಅದಕ್ಕೇ ಹೋಗುತ್ತಿದ್ದರು. ರಾತ್ರಿ ಅಲ್ಲಿ ಉಳಿಯುವ ಅನುಮತಿ ಹೆಚ್ಚಿನವರಿಗೆ ಇರಲಿಲ್ಲ, ಹಾಗಾಗಿ ದಿನಾ ಹೋಗಿ ದಿನಾ ಬರಬೇಕಿತ್ತು.

ಗೇಟು ತೆರೆಯುತ್ತಿದ್ದದ್ದು ನಾಲ್ಕರ ಸುಮಾರಿಗೆ, ಜನ ಎರಡೂವರೆಯಿಂದಲೇ ಬಂದು ಸೇರುತ್ತಿದ್ದರು. ಹೆಬ್ರಾನ್ ಕಡೆಯ ಹಳ್ಳಿಗಳವರು ಅದಕ್ಕೂ ಮುಂಚೆ ಮನೆ ಬಿಟ್ಟಿರುತ್ತಾರೆ. ಆ ಕಡೆ ಕಂಟ್ರಾಕ್ಟರನ ವ್ಯಾನು ಕಾಯುತ್ತಿರುತ್ತದೆ, ತಡವಾದರೆ ಹೊರಟುಬಿಡುತ್ತದೆ, ಆ ದಿನದ ಕೂಲಿ ಹೋಯಿತು. ತಡ ಮಾಡುವವನು ಅಂತ ಹೆಸರು ಬಂದರೆ ಕೆಲಸವೇ ಹೋಗುತ್ತದೆ, ಕೆಲಸ ಹೋದರೆ ಪರ್ಮಿಟ್ಟೂ ಹೋಗುತ್ತದೆ, ಯಾಕೆಂದರೆ ಆಗ ಪರ್ಮಿಟ್ ಇದ್ದದ್ದು ಕೆಲಸ ಕೊಡುವವನ ಹೆಸರಿಗೆ ಗಂಟು ಹಾಕಿಕೊಂಡು. ಇದರ ಮೇಲೆ ಪರ್ಮಿಟ್ ಮಾರುವ ದಲ್ಲಾಳಿಗಳು ಬೇರೆ. ತಿಂಗಳಿಗೆ 2,000 ಶೆಕೆಲ್‌ಗಿಂತ ಜಾಸ್ತಿ ಅವರಿಗೇ ಕೊಟ್ಟು ದುಡಿಯುವವರಿದ್ದರು. ಹೀಗಿರುವಾಗ ಹಿಂದಿನ ಸಾಲು ಮುಂದಿನ ಸಾಲನ್ನು ತಳ್ಳದೆ ಇರುತ್ತದೆಯೇ? ವಯಸ್ಸಿನ ಹುಡುಗರು ಸರಳು ಹತ್ತಿ, ಜನರ ತಲೆಯ ಮೇಲಿಂದ ತೆವಳಿ ಮುಂದೆ ಹೋಗುತ್ತಿದ್ದರು. ವಯಸ್ಸಾದವರು ಸರಳಿಗೆ ಬೆನ್ನು ಒತ್ತಿ ಉಸಿರು ಹಿಡಿದು ನಿಲ್ಲುತ್ತಿದ್ದರು. ನರ್ಸ್ ಆಗಿದ್ದವಳಿಗೆ ಅದನ್ನು ಹೊರಗೆ ನಿಂತು ನೋಡುವುದು ಎಷ್ಟು ಕಷ್ಟ ಗೊತ್ತಾ.

ಈಗ ನಮ್ಮ ಕೆಲಸಕ್ಕೆ ಬರುತ್ತೇನೆ. ಇಬ್ಬರಿಬ್ಬರಾಗಿ ಹೋಗುತ್ತಿದ್ದೆವು. ಒಬ್ಬರು ಓಣಿಯ ಬಾಯಲ್ಲಿ ಕೈಯಲ್ಲಿ ಕ್ಲಿಕ್ಕರ್ ಹಿಡಿದು ಎಣಿಸುವುದು, ಒಬ್ಬ ಮನುಷ್ಯ ದಾಟಿದ, ಒಂದು ಸಲ ಒತ್ತು. ಇನ್ನೊಬ್ಬರು ಸಾಲಿನ ಜೊತೆಗೇ ಒಳಗೆ ಹೋಗಿ ಎಷ್ಟು ಹೊತ್ತು ಹಿಡಿಯಿತು, ಎಷ್ಟು ಕೌಂಟರ್ ತೆರೆದಿವೆ, ಯಾರನ್ನು ವಾಪಸ್ ಕಳಿಸಿದರು ಅಂತ ನೋಡುವುದು. ಅರ್ಧ ಗಂಟೆಗೊಮ್ಮೆ ಬರೆದಿಡುವುದು. ಹೆಂಗಸರಿಗೆ, ಮುದುಕರಿಗೆ, ರೋಗಿಗಳಿಗೆ ಅಂತ ಪಕ್ಕದಲ್ಲಿ ಒಂದು ಬೇರೆ ಗೇಟು ಇತ್ತು, ಹ್ಯುಮ್ಯಾನಿಟೇರಿಯನ್ ಗೇಟ್ ಅಂತ. ಅದು ಹೇಳಿದ ಸಮಯಕ್ಕೆ ತೆರೆಯಿತೋ ಇಲ್ಲವೋ ಬರೆಯುವುದು. ತೆರೆಯದಿದ್ದರೆ ಸೇನೆಯ ಹಾಟ್‌ಲೈನ್‌ಗೆ ಫೋನ್ ಮಾಡುವುದು. ನಮ್ಮ ಕೈಲಿ ಇದ್ದದ್ದು ಅಷ್ಟೇ.

ಒಂದು ಉದಾಹರಣೆ ಕೊಡುತ್ತೇನೆ, ಯಾವ ಚೆಕ್‌ಪಾಯಿಂಟ್ ಅಂತ ಬೇಡ. ಒಬ್ಬ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವರು, ಕೈಯಲ್ಲಿ ಆಸ್ಪತ್ರೆಯ ಫೈಲು ಹಿಡಿದು ಮುಚ್ಚಿದ ಗೇಟಿನ ಎದುರು ನಿಂತಿದ್ದರು. ಪೂರ್ವ ಜೆರುಸಲೆಮ್‌ನ ಆಗಸ್ಟಾ ವಿಕ್ಟೋರಿಯಾ ಆಸ್ಪತ್ರೆಗೆ ರೇಡಿಯೇಷನ್‌ಗೆ ಹೋಗಬೇಕಿತ್ತು. ವೆಸ್ಟ್ ಬ್ಯಾಂಕ್, ಗಾಜಾದ ಪ್ಯಾಲೆಸ್ಟೀನಿಯರಿಗೆ ಆಗ ರೇಡಿಯೇಷನ್ ಸಿಗುತ್ತಿದ್ದ ಆಸ್ಪತ್ರೆ ಅದೊಂದೇ. ಆ ಚಿಕಿತ್ಸೆ ಇವತ್ತು ಬಿಟ್ಟು ನಾಳೆ ಮಾಡಿಸಿಕೊಳ್ಳುವಂಥದ್ದಲ್ಲ, ಸಾಲಾಗಿ ದಿನಾ ಆಗಬೇಕು. ಫೋನ್ ಮಾಡಿದೆ. ನೋಡುತ್ತೇವೆ ಅಂದರು. ಮತ್ತೆ ಮಾಡಿದೆ. ಮತ್ತೆ ನೋಡುತ್ತೇವೆ ಅಂದರು. ಎಷ್ಟೋ ಹೊತ್ತಾದ ಮೇಲೆ ಸೈನಿಕನೊಬ್ಬ ಬಂದು ಗೇಟು ತೆಗೆದ, ಆಕೆ ಹೋದರು. ನನ್ನ ಫೋನಿನಿಂದ ತೆಗೆದನೋ, ಅವನು ಬರುವ ಹೊತ್ತೇ ಅದಾಗಿತ್ತೋ, ಹೇಳಲು ಆಗುವುದಿಲ್ಲ. ನಿಮ್ಮ ಪ್ರಶ್ನೆಗೆ ಅಂಥ ಘಟನೆಗಳನ್ನು ಪೋಣಿಸಿ ಉತ್ತರ ಕೊಟ್ಟರೆ ಅದು ಪ್ರಾಮಾಣಿಕ ಅಲ್ಲ. ಹಾಗೆ ತೆರೆದ ಗೇಟುಗಳು ಕಡಿಮೆ.

ನನ್ನ ಮಟ್ಟಿಗೆ ಉಪಯೋಗ ಇದ್ದದ್ದು ಆ ಬೇಜಾರಿನ ಲೆಕ್ಕದಲ್ಲಿ. ಅಲ್ಲಿನವರನ್ನು ಮಾತಾಡಿಸಿದರೆ ಕಾಯುವುದಕ್ಕಿಂತ ಜಾಸ್ತಿ ಅವರು ಬೈಯುತ್ತಿದ್ದದ್ದು, ಇವತ್ತು ಎಷ್ಟು ಹೊತ್ತು ಕಾಯಬೇಕು ಅಂತ ಗೊತ್ತಾಗದೇ ಇರುವುದನ್ನು. ಒಂದು ದಿನ ಇಪ್ಪತ್ತು ನಿಮಿಷಕ್ಕೆ ದಾಟಿದವನು ಮರುದಿನ ಅದೇ ಕಾರ್ಡು, ಅದೇ ಪರ್ಮಿಟ್, ಅದೇ ಗೇಟು, ಎರಡು ಗಂಟೆ ನಿಲ್ಲುತ್ತಾನೆ. ನಿನ್ನೆ ನಾಲ್ಕು ಕೌಂಟರ್ ತೆರೆದಿದ್ದರು, ಇವತ್ತು ಎರಡು. ನಿನ್ನೆ ಬುತ್ತಿಯ ಡಬ್ಬಿ ಒಳಗೆ ಬಿಟ್ಟರು, ಇವತ್ತು ಬೇಡ ಅಂದರು. ಕಾರಣ ಯಾರೂ ಹೇಳುವುದಿಲ್ಲ, ಕೇಳುವ ಹಾಗೂ ಇಲ್ಲ. ಹಾಗಾಗಿ ಎಲ್ಲರೂ ಕೆಟ್ಟ ದಿನದ ಲೆಕ್ಕಕ್ಕೇ ಎದ್ದು ಬರಬೇಕು, ಒಳ್ಳೆಯ ದಿನ ಬಂದರೂ ಆ ನಿದ್ದೆ ವಾಪಸ್ ಸಿಗುವುದಿಲ್ಲ, ರಾತ್ರಿ ಎಂಟಕ್ಕೇ ಮಲಗಬೇಕು, ಮಕ್ಕಳ ಮುಖ ಎಚ್ಚರವಾಗಿ ನೋಡುವುದು ವಾರಕ್ಕೆ ಒಂದೆರಡು ದಿನ.

ಇದು ಒಂದು ದಿನ ಬಂದು ಫೋಟೋ ತೆಗೆದುಕೊಂಡು ಹೋಗುವ ಪತ್ರಕರ್ತನಿಗೆ ಕಾಣುವುದಿಲ್ಲ. ಅವನು ಬಂದ ದಿನ ಸಾಲು ಸಲೀಸಾಗಿ ಸಾಗಿದರೆ ಎಲ್ಲ ಸರಿ ಇದೆಯಲ್ಲ ಅಂತ ಬರೆಯುತ್ತಾನೆ, ನೂಕುನುಗ್ಗಲು ಇದ್ದರೆ ದಿನಾ ಹೀಗೇ ಅಂತ ಬರೆಯುತ್ತಾನೆ. ಎರಡೂ ತಪ್ಪು. ಸಾಲಿನಲ್ಲಿ ನಿಂತವನಿಗೆ ಗೊತ್ತು, ಆದರೆ ಅವನು ಹೇಳಿದರೆ ದೂರು ಹೇಳುತ್ತಿದ್ದಾನೆ ಅನ್ನುತ್ತಾರೆ. ದಿನಾ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ಯಾರಾದರೂ ಎಣಿಸಿ ಬರೆದಿಟ್ಟರೆ ಮಾತ್ರ ಈ ಗೊತ್ತುಗುರಿ ಇಲ್ಲದ ನಡವಳಿಕೆ ಕಾಗದದ ಮೇಲೆ ಕಾಣುತ್ತದೆ. ನಮ್ಮ ಅಂಕಿಗಳು ವಿಶ್ವಸಂಸ್ಥೆಯ ಮಾನವೀಯ ನೆರವಿನ ಕಚೇರಿಗೆ, ಬೇರೆ ಹಕ್ಕುಗಳ ಸಂಸ್ಥೆಗಳಿಗೆ ಹೋಗುತ್ತಿದ್ದವು. ಇಂಥ ಸಮಯ, ಇಷ್ಟು ಜನ, ಇಷ್ಟು ಕೌಂಟರ್ ಅಂತ ಬರೆದದ್ದನ್ನು ತಳ್ಳಿಹಾಕುವುದು ಅಷ್ಟು ಸುಲಭ ಅಲ್ಲ.

ಈ ಕೆಲಸ ಮಾಡುವವರು ಹೊರಗಿನವರು ಮಾತ್ರ ಅಂದುಕೊಳ್ಳಬೇಡಿ. ನಮಗಿಂತ ಮುಂಚೆ, 2001ರಲ್ಲಿ, ಇಸ್ರೇಲಿನ ಹೆಂಗಸರೇ ಮಹ್ಸೋಮ್ ವಾಚ್ ಅಂತ ಶುರು ಮಾಡಿದರು. ಮಹ್ಸೋಮ್ ಅಂದರೆ ಚೆಕ್‌ಪಾಯಿಂಟ್. ಹೆಂಗಸರು ಮಾತ್ರ ಇರುವ ಗುಂಪು, ಅವರಲ್ಲಿ ಅಜ್ಜಿಯರೇ ಜಾಸ್ತಿ. ನನಗೆ ಅವರ ಮೇಲೆ ನಮ್ಮ ಮೇಲಿಗಿಂತ ದೊಡ್ಡ ಗೌರವ. ನಾವು ಮೂರು ತಿಂಗಳಿಗೆ ಗಂಟು ಕಟ್ಟಿ ಹೊರಡುತ್ತೇವೆ, ಅವರು ವರ್ಷಗಟ್ಟಲೆ ನಿಂತಿದ್ದಾರೆ, ತಮ್ಮದೇ ದೇಶದ, ತಮ್ಮ ಮೊಮ್ಮಕ್ಕಳ ವಯಸ್ಸಿನ ಸೈನಿಕರ ಎದುರು, ಅವರದೇ ಭಾಷೆಯಲ್ಲಿ, ದೇಶದ್ರೋಹಿ ಅನ್ನಿಸಿಕೊಂಡು. ಪೊಲೀಸರೋ ಶಿನ್ ಬೆತ್ ಎಂಬ ಗುಪ್ತಚರ ಸಂಸ್ಥೆಯೋ ಕಾರಣ ಹೇಳದೆ ಪರ್ಮಿಟ್ ತಡೆದವರಿಗೆ ಅರ್ಜಿ ಬರೆದುಕೊಟ್ಟು, ಹಿಂದೆ ಬಿದ್ದು, ಎಷ್ಟೋ ಜನರ ಹೆಸರನ್ನು ಆ ಪಟ್ಟಿಯಿಂದ ತೆಗೆಸಿದ್ದಾರೆ. ಅದು ಕಣ್ಣಿಗೆ ಕಾಣುವ ಉಪಯೋಗ.

ನಿಮ್ಮ ಪ್ರಶ್ನೆಗಿಂತ ಗಟ್ಟಿಯಾದ ಪ್ರಶ್ನೆ ಕೇಳಿಕೊಂಡವರೂ ಅವರೇ. ನಾವು ಇಲ್ಲಿ ನಿಂತು ಸಾಲು ಸರಿ ಮಾಡಿಸಿ, ಗೇಟು ತೆರೆಸಿ, ಸೈನಿಕ ಮರ್ಯಾದೆಯಿಂದ ಮಾತಾಡುವ ಹಾಗೆ ನೋಡಿಕೊಂಡರೆ, ಇರಲೇಬಾರದ ಚೆಕ್‌ಪಾಯಿಂಟ್ ಒಂದು ಒಳ್ಳೆಯ ಚೆಕ್‌ಪಾಯಿಂಟ್ ಆಗಿ ಉಳಿದುಬಿಡುತ್ತದೆ ಅಲ್ವಾ? ನನಗೂ ಇದಕ್ಕೆ ಸುಲಭದ ಉತ್ತರ ಸಿಕ್ಕಿಲ್ಲ. ಆದರೆ ರೇಡಿಯೇಷನ್‌ಗೆ ಹೊರಟ ಆ ಹೆಂಗಸಿನ ಎದುರು ನಿಂತಾಗ ಫೋನ್ ಮಾಡದೆ ಇರಲು ನನಗೆ ಆಗುವುದಿಲ್ಲ. ಫೋನೂ ಮಾಡಬೇಕು, ಈ ಗೇಟೇ ಇಲ್ಲಿ ಇರಬಾರದು ಅಂತಲೂ ಹೇಳಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಮಾತ್ರ ಆ ಹೆಂಗಸರ ಅನುಮಾನ ನಿಜವಾಗುತ್ತದೆ ಅಂತ ನನ್ನ ಅನಿಸಿಕೆ.

ಚೆಕ್‌ಪಾಯಿಂಟ್ ಅಂದರೆ ಕೂಲಿಯವರ ಸಾಲು ಒಂದೇ ಅಲ್ಲ. ಉತ್ತರದ ಜಯ್ಯೂಸ್‌ನಂಥ ಹಳ್ಳಿಗಳಲ್ಲಿ ರೈತನ ಮನೆ ಈ ಕಡೆ, ಅವನದೇ ಆಲಿವ್ ಮರಗಳು ಬೇಲಿಯ ಆ ಕಡೆ. ತನ್ನ ಹೊಲಕ್ಕೆ ಹೋಗಲು ಅವನಿಗೆ ಪರ್ಮಿಟ್ ಬೇಕು. ನಾನಿದ್ದಾಗ ಗೇಟು ತೆರೆಯುತ್ತಿದ್ದದ್ದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸ್ವಲ್ಪ ಸ್ವಲ್ಪ ಹೊತ್ತು. ಬೀಗದ ಕೈ ಹಿಡಿದ ಸೈನಿಕರು ತಡವಾಗಿ ಬಂದರೆ ಕತ್ತೆ, ಟ್ರ್ಯಾಕ್ಟರ್ ಸಮೇತ ಎಲ್ಲರೂ ನಿಲ್ಲಬೇಕಿತ್ತು. ಹೆಬ್ರಾನ್‌ನ ಹಳೇ ಪೇಟೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಚೆಕ್‌ಪಾಯಿಂಟ್ ದಾಟಿ, ಬ್ಯಾಗು ತೋರಿಸಿ ಕ್ಲಾಸಿಗೆ ಹೋಗುತ್ತಾರೆ. ಅಲ್ಲಿ 1994ರಲ್ಲಿ ಇಬ್ರಾಹಿಮಿ ಮಸೀದಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದ 29 ಜನರನ್ನು ಯಹೂದಿ ವಲಸಿಗನೊಬ್ಬ ಗುಂಡಿಕ್ಕಿ ಕೊಂದ. ಅದಾದ ಮೇಲೆ ಅಂತರರಾಷ್ಟ್ರೀಯ ವೀಕ್ಷಕರ ತಂಡ ಇತ್ತು, ಇಸ್ರೇಲ್, ಪ್ಯಾಲೆಸ್ಟೀನ್ ಎರಡೂ ಕಡೆ ಒಪ್ಪಿ ಇಟ್ಟುಕೊಂಡದ್ದು. 2019ರ ಜನವರಿಯಲ್ಲಿ ಅದರ ಅವಧಿ ಮುಂದುವರಿಸುವುದಿಲ್ಲ ಅಂತ ಇಸ್ರೇಲಿನ ಪ್ರಧಾನಿ ನೆತನ್ಯಾಹು ಹೇಳಿದರು, ತಂಡ ಹೊರಟಿತು. ನೋಡುವುದರಿಂದ ಏನೂ ಆಗುವುದಿಲ್ಲ ಅನ್ನುವುದಾದರೆ ನೋಡುವವರನ್ನು ಕಳಿಸುವ ಅವಸರ ಯಾಕೆ? ನಿಮಗೆ ಬೇರೆ ಉತ್ತರ ಬೇಕಿಲ್ಲ ಅನಿಸುತ್ತದೆ.

ಈಗ ಹೇಗಿದೆ ಅಂತ ನೀವು ಕೇಳಬಹುದು. 2019ರಲ್ಲಿ ಬೆಥ್ಲೆಹೆಮ್‌ನ ಚೆಕ್‌ಪಾಯಿಂಟ್ 300ಕ್ಕೆ ಮುಖ ಗುರುತಿಸುವ ಗೇಟುಗಳು ಬಂದವು. ಸಾಲು ಬೇಗ ಸಾಗತೊಡಗಿತು, ಅದು ಒಳ್ಳೆಯದೇ, ಇಲ್ಲ ಅನ್ನಲಾರೆ. ಆದರೆ ಯಂತ್ರ ಬೇಡ ಅಂದರೆ ಯಾಕೆ ಅಂತ ಕೇಳಲು ಎದುರಿಗೆ ಒಂದು ಮುಖವೂ ಇಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿ ಆದ ಮೇಲೆ ವೆಸ್ಟ್ ಬ್ಯಾಂಕ್‌ನವರ ಪರ್ಮಿಟ್‌ಗಳನ್ನು ಹೆಚ್ಚುಕಮ್ಮಿ ಪೂರ್ತಿ ತಡೆದರು. ಅದಕ್ಕೆ ಮುಂಚೆ ಸುಮಾರು ಒಂದೂವರೆ ಲಕ್ಷ ಜನ ಹಾಗೆ ದುಡಿಯುತ್ತಿದ್ದರು. ಆ ಸಾಲಿನಲ್ಲಿ ನಿಂತವರು ಸಾಲು ಬೇಡ ಅಂತ ಎಷ್ಟು ಬೈದಿದ್ದರೂ, ಸಾಲೇ ಇಲ್ಲದಿದ್ದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ.

ಆ ಜಾಗಕ್ಕೆ ಯಾರನ್ನು ಕರೆಸಿದರು ಗೊತ್ತಲ್ಲ? ನಮ್ಮವರನ್ನೇ. 2024ರ ಜನವರಿಯಲ್ಲಿ ಹರಿಯಾಣದ ರೋಹ್ತಕ್‌ನಲ್ಲಿ, ಲಖನೌದಲ್ಲಿ ಪರೀಕ್ಷೆ ಮಾಡಿ ಗಾರೆಯವರನ್ನು, ಬಡಗಿಗಳನ್ನು, ಟೈಲ್ಸ್‌ನವರನ್ನು ಆರಿಸಿ ಕಳಿಸಿದರು. ಹೋದವರನ್ನು ನಾನು ದೂರುವುದಿಲ್ಲ, ಅವರದೂ ಹೊಟ್ಟೆಪಾಡು. ನಮ್ಮ ಮಂಗಳೂರು, ಉಡುಪಿ ಕಡೆಯವರೂ ಎಷ್ಟೋ ವರ್ಷಗಳಿಂದ ಅಲ್ಲಿ ವಯಸ್ಸಾದವರ ಆರೈಕೆ ಕೆಲಸದಲ್ಲಿದ್ದಾರೆ. ರಜೆಯ ದಿನ ಜೆರುಸಲೆಮ್‌ನಲ್ಲಿ ಅವರಲ್ಲಿ ಕೆಲವರು ಸಿಕ್ಕಿ, ತುಳು, ಕೊಂಕಣಿ, ಕನ್ನಡದಲ್ಲಿ ಹೊಟ್ಟೆ ತುಂಬ ಮಾತಾಡಿದ್ದೇನೆ. ಗೋಡೆಯ ಆ ಕಡೆ ಏನಿದೆ ಅಂತ ಅವರಲ್ಲಿ ಹಲವರು ನನ್ನನ್ನೇ ಕೇಳಿದರು, ಹತ್ತು ಕಿಲೋಮೀಟರ್ ದೂರದಲ್ಲಿ ಇದ್ದುಕೊಂಡು. ಹೇಳಿದೆ.

ನೀವೇ ಹೋಗುವ ಯೋಚನೆಯಲ್ಲಿದ್ದರೆ ಒಂದೆರಡು ಮಾತು. ಜಗಳ ಬಿಡಿಸುವ, ಸೈನಿಕರಿಗೆ ಬುದ್ಧಿ ಹೇಳುವ ಉಮೇದು ಇದ್ದರೆ ಹೋಗಬೇಡಿ. ನೀವು ಕೂಗಾಡಿ ಸಂಜೆ ಮನೆಗೆ ಹೋಗುತ್ತೀರಿ, ಅದರ ಫಲ ಉಣ್ಣುವವರು ಸಾಲಿನಲ್ಲಿ ನಿಂತವರು. ಯಾರ ಮುಖದ ಫೋಟೋವನ್ನೂ ಕೇಳದೆ ತೆಗೆಯಬೇಡಿ, ಅವರ ಪರ್ಮಿಟ್‌ಗೆ ಕುತ್ತು ಬರಬಹುದು. ಚಳಿಗಾಲವಾದರೆ ದಪ್ಪ ಸ್ವೆಟರ್ ಬೇಕೇ ಬೇಕು, ಬೆಥ್ಲೆಹೆಮ್ ಬೆಟ್ಟದ ಮೇಲಿದೆ, ಜನವರಿಯ ಮಳೆಯಲ್ಲಿ ಬೆರಳು ಮರಗಟ್ಟಿ ಕ್ಲಿಕ್ಕರ್ ಒತ್ತಲೂ ಆಗುವುದಿಲ್ಲ. ಗೇಟಿನ ಹತ್ತಿರ ಏಲಕ್ಕಿ ಕಾಫಿ, ಎಳ್ಳಿನ ರೊಟ್ಟಿ ಮಾರುವವರು ಇರುತ್ತಾರೆ, ಅವರ ಹತ್ತಿರವೇ ಕೊಂಡುಕೊಳ್ಳಿ, ಇವತ್ತು ಸಾಲು ಹೇಗಿದೆ ಅಂತ ಎಲ್ಲರಿಗಿಂತ ಮೊದಲು ಹೇಳುವವರೂ ಅವರೇ. ಸ್ವಲ್ಪ ಅರೇಬಿಕ್ ಕಲಿತು ಹೋಗಿ. ಅರ್ಜಿ, ತರಬೇತಿ, ಖರ್ಚಿನ ಬಗ್ಗೆ ಏನಾದರೂ ತಿಳಿಯಬೇಕಿದ್ದರೆ ಕೇಳಿ, ನನಗೆ ಗೊತ್ತಿರುವಷ್ಟು ಹೇಳುತ್ತೇನೆ.