ಚಂದಾ ಕಟ್ಟಿದರೂ ನೋಟ್ಸ್ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಯಾವ ರೈತರದು ಎಷ್ಟು ಚೀಲ ಬಂತು, ಕಡ್ಡಿ ತಳಿಯೋ ಡಬ್ಬಿ ತಳಿಯೋ, ಯಾರಿಗೆ ಎಷ್ಟು ಮುಂಗಡ ಕೊಟ್ಟೆ, ಎಲ್ಲ ಫೋನಿನ ಒಂದು ನೋಟ್ಸ್ ಆ್ಯಪಿನಲ್ಲಿ ಬರೆದಿಡುತ್ತೇನೆ. ಫೋನು, ಅಂಗಡಿ ಕಂಪ್ಯೂಟರು, ಮಗನ ಟ್ಯಾಬು ಮೂರರಲ್ಲೂ ಕಾಣಲಿ ಎಂದು ವರ್ಷದ ಚಂದಾ ಕಟ್ಟಿದೆ. ಆದರೂ ಮಾರ್ಕೆಟ್ಟಿನಲ್ಲಿ ಬರೆದದ್ದು ಸಂಜೆಯಾದರೂ ಅಂಗಡಿ ಕಂಪ್ಯೂಟರಿಗೆ ಬರುವುದಿಲ್ಲ. ಕೆಲವು ನೋಟು ಎರಡೆರಡಾಗಿವೆ. ಮುಂದಿನ ವರ್ಷದ ರೊಕ್ಕ ತಾನಾಗಿಯೇ ಕಟ್ ಆಗುತ್ತದಂತೆ. ಇಟ್ಟುಕೊಳ್ಳಲೋ, ಬಿಡಲೋ?
– ದಲಾಲರು, ಬ್ಯಾಡಗಿ

ಉತ್ತರ: ಸಾಹುಕಾರ್ರೇ, ಇಟ್ಟುಕೊಳ್ಳೋದು ಬಿಡೋದು ಆಮೇಲೆ ನೋಡೋಣ. ಮೊದಲು ಅಂಗಡಿ ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು, ಆ ಕಂಪನಿಯ ವೆಬ್‌ಸೈಟಿನಲ್ಲೇ ಲಾಗಿನ್ ಆಗಿ. ಬೆಳಿಗ್ಗೆ ಬರೆದ ನೋಟು ಅಲ್ಲಿ ಕಂಡರೆ ಫೋನು ತನ್ನ ಕೆಲಸ ಮಾಡಿದೆ, ತಕರಾರು ಕಂಪ್ಯೂಟರಿನ ಆ್ಯಪಿನದು. ಅದನ್ನು ಅಪ್‌ಡೇಟ್ ಮಾಡಿ. ಕಾಣದಿದ್ದರೆ ನೋಟು ಇನ್ನೂ ಫೋನಿನಲ್ಲೇ ಕೂತಿದೆ. ಆಗ ಮಾತ್ರ ದಯವಿಟ್ಟು ಫೋನಿನಲ್ಲಿ ಲಾಗೌಟ್ ಮಾಡಬೇಡಿ, ಆ್ಯಪ್ ತೆಗೆದು ಮತ್ತೆ ಹಾಕಲೂ ಹೋಗಬೇಡಿ. ಕಂಪನಿಯ ಸರ್ವರಿಗೆ ಇನ್ನೂ ಹೋಗದ ನೋಟು ಹಾಗೇ ಅಳಿದುಹೋಗಬಹುದು. ಮುಂಗಡದ ಲೆಕ್ಕ ಬೇರೆ ಅದರಲ್ಲಿದೆ ಅಂತೀರಿ!

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಅಲ್ಲಿ ನಾನು ಜಾಸ್ತಿ ಕಾಣೋದು ಎರಡು ಕಾರಣ. ಒಂದು, ಫೋನಿನಲ್ಲಿ ಗೂಗಲ್ ಖಾತೆಯಿಂದ ಒಳಗೆ ಹೋಗಿರುತ್ತಾರೆ, ಕಂಪ್ಯೂಟರಿನಲ್ಲಿ ಮಗ ಹಾಕಿಕೊಟ್ಟ ಇನ್ನೊಂದು ಇಮೇಲ್ ಇರುತ್ತದೆ. ಎರಡೂ ಬೇರೆ ಬೇರೆ ಖಾತೆ, ಚಂದಾ ಇರೋದು ಒಂದಕ್ಕೆ ಮಾತ್ರ. ಮೂರೂ ಕಡೆ ಸೆಟ್ಟಿಂಗ್ಸ್‌ಗೆ ಹೋಗಿ ಇಮೇಲನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡಿ. ಎರಡನೆಯದು ಬ್ಯಾಟರಿ. ಆಂಡ್ರಾಯ್ಡ್ ಫೋನು ಚಾರ್ಜ್ ಉಳಿಸಲು ಹಿಂದೆ ಓಡುವ ಆ್ಯಪುಗಳನ್ನು ಮಲಗಿಸಿಬಿಡುತ್ತದೆ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ನಿಮ್ಮ ಆ್ಯಪ್ ಒತ್ತಿ, ಬ್ಯಾಟರಿಗೆ ಹೋಗಿ ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಅಲ್ಲೇ ಬ್ಯಾಕ್‌ಗ್ರೌಂಡ್ ಡೇಟಾ ಬಂದ್ ಆಗಿದೆಯಾ ಅಂತಲೂ ನೋಡಿ.

ಇನ್ನು ನೋಟು ಎರಡಾಗುವ ಕಥೆ. ಮಾರ್ಕೆಟ್ಟಿನಲ್ಲಿ ನೆಟ್ ಇಲ್ಲದಾಗ ನೀವು ಫೋನಿನಲ್ಲಿ 12 ಚೀಲ ಅಂತ ತಿದ್ದಿದಿರಿ. ಅದೇ ಹೊತ್ತಿಗೆ ಅಂಗಡಿಯಲ್ಲಿ ಗುಮಾಸ್ತರು ಅದೇ ನೋಟಿನಲ್ಲಿ 14 ಮಾಡಿದರು. ನೆಟ್ ಬಂದ ಮೇಲೆ ಯಾರದ್ದು ಸರಿ ಅಂತ ಆ್ಯಪಿಗೆ ಹೇಗೆ ಗೊತ್ತಾಗಬೇಕು? ಎರಡನ್ನೂ ಇಟ್ಟುಬಿಡುತ್ತದೆ. ಓದದೆ ಒಂದನ್ನೂ ಅಳಿಸಬೇಡಿ. ಇನ್ನು ಮುಂದೆ ಪ್ರತಿ ಟೆಂಡರ್ (ಮಾಲಿಗೆ ದರ ಕೂಗುವ) ದಿನಕ್ಕೆ ಒಂದು ಹೊಸ ನೋಟು ತೆಗೆಯಿರಿ, ಅದರಲ್ಲಿ ಬರೆಯುವವರು ಒಬ್ಬರೇ ಇರಲಿ. ಅಂಗಡಿಯವರು ನೋಡಲಿ, ಸಾಕು.

ಈಗ ರೊಕ್ಕದ ಮಾತು. ಆ್ಯಪ್ ಡಿಲೀಟ್ ಮಾಡಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲಿ ನಿಮ್ಮ ಫೋಟೋ ಒತ್ತಿ, ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್’ನಲ್ಲಿ ರದ್ದು ಮಾಡಬೇಕು. ಕಂಪನಿಯ ವೆಬ್‌ಸೈಟಿನಲ್ಲಿ ಕಾರ್ಡ್ ಕೊಟ್ಟಿದ್ದರೆ ಅಲ್ಲಿಯೇ ಹೋಗಬೇಕು. ಯುಪಿಐ ಆದರೆ ನಿಮ್ಮ ಯುಪಿಐ ಆ್ಯಪಿನ ಆಟೋಪೇ ಪಟ್ಟಿಯಲ್ಲೂ ಇರುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ರೊಕ್ಕ ಕಟ್ ಆಗುವ 24 ಗಂಟೆ ಮೊದಲೇ ನಿಮಗೆ ಸಂದೇಶ ಬರಬೇಕು. ಚಂದಾದಂಥ ಸಣ್ಣ ಮೊತ್ತಕ್ಕೆ ಪ್ರತಿ ಸಲ ಓಟಿಪಿ ಕೇಳುವುದಿಲ್ಲ. ಹಾಗಾಗಿ ಬ್ಯಾಂಕಿನ ಮೆಸೇಜ್ ಓದದೆ ಒರೆಸಿಹಾಕುವ ಅಭ್ಯಾಸ ಬಿಡಿ.

ನನ್ನನ್ನು ಕೇಳಿದರೆ ನಿಮ್ಮ ಕೆಲಸಕ್ಕೆ ಚಂದಾ ಬೇಕಿಲ್ಲ. ಗೂಗಲ್ ಕೀಪ್ ಅನ್ನುವ ನೋಟ್ಸ್ ಆ್ಯಪ್ ಪುಕ್ಕಟೆ. ಮೈಕ್ರೋಸಾಫ್ಟ್ ಒನ್‌ನೋಟ್ ಕೂಡ ಪುಕ್ಕಟೆ, ಅವರದೇ ಆನ್‌ಲೈನ್ ಕಪಾಟು ಒನ್‌ಡ್ರೈವ್‌ನಲ್ಲಿ 5 ಜಿಬಿ ಜಾಗದೊಂದಿಗೆ. ಬರೀ ಅಕ್ಷರ ಬರೆದು ಅಷ್ಟು ಜಾಗ ತುಂಬಿಸೋದು ನಿಮ್ಮಿಂದಾಗದ ಮಾತು. ಆದರೆ ಮುಂಗಡದ ಲೆಕ್ಕವನ್ನು ಮಾತ್ರ ಯಾವ ನೋಟ್ಸ್ ಆ್ಯಪಿಗೂ ಒಪ್ಪಿಸಬೇಡಿ. ಅದು ಯಾರ ಬಾಕಿ ಎಷ್ಟು ಅಂತ ತಾನಾಗಿ ಲೆಕ್ಕ ಹಾಕಿ ತೋರಿಸುವುದಿಲ್ಲ. ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ ಮಾಡಿ ಮಗನಿಗೂ ಗುಮಾಸ್ತರಿಗೂ ಹಂಚಿ. ಕಿರ್ದಿ ಪುಸ್ತಕ ಹೇಗೂ ಇದ್ದೇ ಇರುತ್ತದೆ ಅಲ್ವಾ? ಹಳೆಯ ಆ್ಯಪ್ ರದ್ದು ಮಾಡುವ ಮೊದಲು ‘ಎಕ್ಸ್‌ಪೋರ್ಟ್’ ಒತ್ತಿ ಎಲ್ಲ ನೋಟನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದೇನೆ. ಎವರ್‌ನೋಟ್ ಎಂಬ ನೋಟ್ಸ್ ಆ್ಯಪಿನಲ್ಲಿ ಪುಕ್ಕಟೆಯ 50 ನೋಟು ಮುಗಿದವು, ಮುಂದಕ್ಕೆ ರೊಕ್ಕ ಕೇಳುತ್ತಿದೆ. ಗೆಳತಿಯರು ಅಬ್ಸಿಡಿಯನ್ ಎಂಬ ಇನ್ನೊಂದು ಆ್ಯಪ್ ಹಾಕು ಅಂತಾರೆ. ಅದರಲ್ಲೂ ಸಿಂಕ್ ಮಾಡಲು, ಅಂದರೆ ಫೋನಿಗೂ ಲ್ಯಾಪ್‌ಟಾಪಿಗೂ ನೋಟ್ಸ್ ಒಂದೇ ಇರುವಂತೆ ಮಾಡಲು, ದುಡ್ಡಂತೆ?
– ಓದುಗಳು, ಧಾರವಾಡ

ಉತ್ತರ: ಹೌದು ತಂಗೀ. ಎವರ್‌ನೋಟ್ 2016ರಲ್ಲಿ ಪುಕ್ಕಟೆ ಖಾತೆಗೆ ಎರಡೇ ಸಾಧನ ಅಂತ ಕಟ್ಟು ಹಾಕಿತ್ತು. 2023ರ ಡಿಸೆಂಬರ್‌ನಿಂದ 50 ನೋಟು, ಒಂದೇ ನೋಟ್‌ಬುಕ್ ಅಂತಾಯಿತು. ಇತಿಹಾಸ, ಭೂಗೋಳ, ಸಂವಿಧಾನ ಎಲ್ಲ ಅದರೊಳಗೆ ಹಿಡಿಸಲು ಆಗದು. ಅಬ್ಸಿಡಿಯನ್ ಆ್ಯಪ್ ಪುಕ್ಕಟೆ. ನೋಟ್ಸ್ ನಿಮ್ಮ ಲ್ಯಾಪ್‌ಟಾಪಿನ ಫೋಲ್ಡರಿನಲ್ಲೇ ಸಾದಾ ಫೈಲುಗಳಾಗಿ ಇರುತ್ತವೆ, ನಾಳೆ ಆ ಕಂಪನಿ ಇರಲಿ ಬಿಡಲಿ, ತೆರೆದು ಓದಬಹುದು. ಇದು ನನಗೆ ತುಂಬಾ ಇಷ್ಟ. ಅವರ ಸಿಂಕ್‌ಗೆ ಮಾತ್ರ ವರ್ಷದ್ದು ಒಟ್ಟಿಗೆ ಕಟ್ಟಿದರೆ ತಿಂಗಳಿಗೆ 4 ಡಾಲರ್ ಲೆಕ್ಕ. ಆ ಫೋಲ್ಡರನ್ನು ಗೂಗಲ್ ಡ್ರೈವ್‌ಗೆ ಹಾಕಿದರಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ಡ್ರೈವ್ ಆ್ಯಪ್ ಫೋಲ್ಡರನ್ನು ತಾನಾಗಿ ಇಳಿಸಿ ಇಡುವುದಿಲ್ಲ.

ಓದುವ ಹೊತ್ತಿನಲ್ಲಿ ರೂಮ್ ಬಾಡಿಗೆ, ಮೆಸ್ ಬಿಲ್ಲೇ ಸಾಕಷ್ಟು. ಜಾಪ್ಲಿನ್ ಅನ್ನುವ ನೋಟ್ಸ್ ಆ್ಯಪ್ ಹಾಕಿಕೊಳ್ಳಿ. ಪುಕ್ಕಟೆ, ಮತ್ತು ಡ್ರಾಪ್‌ಬಾಕ್ಸ್ ಅಥವಾ ಒನ್‌ಡ್ರೈವ್ ಖಾತೆ ಕೊಟ್ಟರೆ ಫೋನಿಗೂ ಲ್ಯಾಪ್‌ಟಾಪಿಗೂ ತಾನೇ ಸಿಂಕ್ ಮಾಡುತ್ತದೆ. ಎವರ್‌ನೋಟ್‌ನ ಲ್ಯಾಪ್‌ಟಾಪ್ ಆ್ಯಪಿನಿಂದ ನೋಟ್ಸನ್ನು ಇನೆಕ್ಸ್ (ENEX, ಎವರ್‌ನೋಟ್‌ನದೇ ಮಾದರಿ) ಫೈಲಾಗಿ ಇಳಿಸಿ, ಜಾಪ್ಲಿನ್‌ನಲ್ಲಿ ‘ಇಂಪೋರ್ಟ್’ ಕೊಡಿ, ಒಳಗೆ ಬರುತ್ತವೆ. ಬೇರೆಯವರು ಓದದಂತೆ ಬೀಗ ಹಾಕುವ ಎನ್‌ಕ್ರಿಪ್ಷನ್ ಹಾಕಿದರೆ ಪಾಸ್‌ವರ್ಡನ್ನು ವಹಿಯಲ್ಲಿ ಬರೆದಿಡಿ. ಮರೆತರೆ ಯಾರೂ ತೆಗೆದುಕೊಡಲಾರರು.

ಪ್ರಶ್ನೆ: ಬೆಟಗೇರಿಯಲ್ಲಿ ನಮ್ಮದು ಸೀರೆ ನೇಯ್ಗೆ. ಬಣ್ಣದ ಲೆಕ್ಕ ಐಫೋನಿನ ನೋಟ್ಸ್‌ನಲ್ಲಿದೆ. ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ನೋಡಬಹುದೇ?
– ನೇಕಾರರು, ಗದಗ-ಬೆಟಗೇರಿ

ಉತ್ತರ: ನೋಡಬಹುದು ಅಣ್ಣಾರೆ. ಬ್ರೌಸರ್‌ನಲ್ಲಿ ಐಕ್ಲೌಡ್ ಡಾಟ್ ಕಾಮ್ ತೆರೆದು ಆ್ಯಪಲ್ ಖಾತೆ ಹಾಕಿ. ಕೆಲವು ನೋಟು ಅಲ್ಲಿ ಕಾಣದಿದ್ದರೆ ಫೋನಿನಲ್ಲಿ ಅವು ‘ಆನ್ ಮೈ ಐಫೋನ್’ ಅನ್ನುವ ಕಡೆ ಇರಬಹುದು. ಅವನ್ನು ‘ಐಕ್ಲೌಡ್’ ಫೋಲ್ಡರಿಗೆ ಸರಿಸಿ. ಪುಕ್ಕಟೆ ಸಿಗುವ 5 ಜಿಬಿಯನ್ನು ಫೋಟೋಗಳು, ಬ್ಯಾಕಪ್ಪು ತಿಂದು ಮುಗಿಸಿದ್ದರೂ ನೋಟ್ಸ್ ಐಕ್ಲೌಡಿಗೆ ಹೋಗುವುದು ನಿಲ್ಲುತ್ತದೆ. ಹಾಗಿದ್ದರೆ ಮೊದಲು ಹಳೆಯ ವಿಡಿಯೋ ತೆಗೆಯಿರಿ, ಚಂದಾ ಕಟ್ಟೋದು ಆಮೇಲೆ.